ನಮ್ಮನೆ ಕಂಬಕ್ಕೆ ಪ್ರಮೋಷನ್

ಶಿವಮೊಗ್ಗದ ಕೋಟೆ ಕಡೆ ಇದ್ದ ನಮ್ಮ ದೊಡ್ಡಪ್ಪನ ಮನೆ ಹೆರಿಟೇಜು ಅಂತ ಎಲ್ರಿಗೂ ಗೊತ್ತಾಗಿದ್ದು ಜೆಸಿಬಿ ಬಂದ ದಿನಾನೇ ಕಣ್ರೀ. ಅಲ್ಲೀವರ್ಗೂ ಅದು ಸೋರೋ ಮನೆ ಅಷ್ಟೇ. ತೊಟ್ಟಿ, ಜಗಲಿ, ಹಲಸಿನ ಕಂಬ ಎಲ್ಲ ಇತ್ತು ನಿಜ, ಆದ್ರೆ ಮಂಗ ಒಡೆದ ಹೆಂಚು ಬದ್ಲಾಯ್ಸೋಕೆ ಜನ ಸಿಕ್ತಿರ್ಲಿಲ್ಲ, ಜನ ಸಿಕ್ರೆ ಗೆದ್ದಲು ಹಿಡಿದ ರೀಪು ಪಕಾಸಿಗೆ ದುಡ್ಡಿರ್ಲಿಲ್ಲ, ಹಂಗಾಗಿ ಜೂನ್ ಬಂತು ಅಂದ್ರೆ ದೊಡ್ಡಮ್ಮನ ಅರ್ಧ ಪಾತ್ರೆ ಒಲೆ ಬಿಟ್ಟು ನಡುಮನೇಲಿ ಸಾಲಾಗಿ ಕೂರ್ತಿದ್ವು.

ಫ್ಯಾಮಿಲಿ ಗ್ರೂಪಲ್ಲಿ ಎಲ್ರೂ ಹೆರಿಟೇಜ್ ಪ್ರೇಮಿಗಳೇ. ರಿಪೇರಿಗೆ ತಲಾ ಇಪ್ಪತ್ತು ಸಾವ್ರ ಹಾಕಿ ಅಂದಿದ್ದಕ್ಕೆ ಮೂರು ದಿನ ಗ್ರೂಪು ಮೌನವ್ರತ, ನಾಲ್ಕನೇ ದಿನ ಬೆಂಗಳೂರಿನ ತಮ್ಮ ಒಬ್ಬ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕ್ದ. ಮನೆ ಕೆಡವಿದ ಸಂಜೆ ಅದೇ ತಮ್ಮ "ನಮ್ಮ ಬೇರು ಕಿತ್ರು" ಅಂತ ಅಳೋ ಮುಖ ಹನ್ನೆರಡು ಒತ್ತಿದ್ದ.

ಕಾಯ್ದೆ ಇಲ್ವಾ ಅಂತೀರಾ? ಇದೆ ಮಾರಾಯ್ರೆ. ಸಾಗರದ ಹತ್ರ ಇಕ್ಕೇರಿ ಅಘೋರೇಶ್ವರನ ಗುಡಿಯಂಥ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸದಾಗಿ ಏನೂ ಕಟ್ಟಂಗಿಲ್ಲ, ಅದರಾಚೆ ಇನ್ನೂ 200 ಮೀಟರಿಗೆ ಪರ್ಮಿಷನ್ ಬೇಕು, 2010ರಲ್ಲಿ ಕಾಯ್ದೆ ತಿದ್ದಿ ಬಿಗಿ ಮಾಡಿದ್ದು. ಸ್ಮಾರಕ ಅನ್ನಿಸ್ಕೊಳ್ಳೋಕೆ ಕಮ್ಮಿ ಅಂದ್ರೂ 100 ವರ್ಷ ಆಗಿರ್ಬೇಕು. ನಮ್ಮನೆಗೆ ವಯಸ್ಸೇನೋ ಆಗಿತ್ತು, ಆದ್ರೆ ಅಲ್ಲಿ ಮಲಗ್ತಿದ್ದಿದ್ದು ಶಿವಪ್ಪ ನಾಯಕ ಅಲ್ಲ, ನಮ್ಮ ದೊಡ್ಡಪ್ಪ.

ಹಿತ್ಲ ಕಡೆ ಮೂರು ಬಾಡಿಗೆ ಮನೆ ಇದ್ವು, ಅದರ ಬಗ್ಗೆ ಯಾರೂ ಅಳ್ಲಿಲ್ಲ. ಹೂ ಕಟ್ಟೋ ಅಕ್ಕ, ಆಟೋದವ್ನು, ಒಬ್ಬ ಟೈಲರ್. ಬಾಡಿಗೆ ಎರಡೂವರೆ ಸಾವ್ರ, ಅದೂ ದೊಡ್ಡಮ್ಮ ಜೋರು ಮಾಡಿದ ತಿಂಗಳು ಮಾತ್ರ. ಈಗ ಅಲ್ಲಿ ಬಿಲ್ಡರ್ ಬೋರ್ಡ್ ನಿಂತಿದೆ, ಅಪಾರ್ಟ್‌ಮೆಂಟ್ ಹೆಸರಲ್ಲೇ ತೊಟ್ಟಿಮನೆ ಅಂತ ಇದೆ, ತೊಟ್ಟಿ ಇದ್ದ ಜಾಗಕ್ಕೆ ಸರಿಯಾಗಿ ಲಿಫ್ಟು. ಕೆಳಗೆ ದಪ್ಪಕ್ಷರದಲ್ಲಿ "ಅಫೋರ್ಡಬಲ್", ಶುರು 58 ಲಕ್ಷದಿಂದ.

ಹೂವಿನಕ್ಕ ಬೋರ್ಡ್ ನೋಡಿ ಕೇಳಿದ್ರು, "ಅಣ್ಣಾ, ಹಂಗಂದ್ರೆ ಎಂತ?"

"ಕೊಳ್ಳೋಕಾಗೋ ಮನೆ ಅಂತ ಅಕ್ಕಾ."

"ಯಾರಿಗೆ?"

ಅವರಿಗೂ ಸ್ಕೀಮ್ ಇಲ್ಲ ಅಂತಲ್ಲ. 2022ರೊಳಗೆ ಎಲ್ರಿಗೂ ಮನೆ ಅಂತ 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಶುರು ಆಯ್ತು, ಆಮೇಲೆ ಗಡುವು ಮುಂದೆ ಹೋಯ್ತು. ಶುರುವಲ್ಲಿ ಅದ್ರಲ್ಲಿ ಬಡವರ ಮನೆ ಒಳಗಿನ ಜಾಗ 30 ಚದರ ಮೀಟರ್ ತನಕ ಅಂತಿತ್ತು, ಅಂದ್ರೆ ಮುನ್ನೂರಿಪ್ಪತ್ತು ಚದರಡಿ ಚಿಲ್ರೆ, ಹೆಚ್ಚೂ ಕಮ್ಮಿ ನಮ್ಮನೆ ಜಗಲಿ. ಅದಕ್ಕೂ ಅಕ್ಕ ಅರ್ಜಿ ಹಾಕಿದಾರೆ, ಸಿಕ್ರೆ ಊರಾಚೆ ಎಲ್ಲೋ ಸಿಗತ್ತಂತೆ. ಬೆಳಗಿನ ಜಾವ ಐದಕ್ಕೆ ಹೂವಿನ ಅಂಗ್ಡೀಲಿ ಇರ್ಬೇಕಾದೋರು ಅಲ್ಲಿಂದ ಯಾವ ಬಸ್ಸಲ್ಲಿ ಬರ್ತಾರೆ ಅನ್ನೋ ಕಾಲಮ್ಮು ಅರ್ಜಿ ಫಾರಮಲ್ಲಿ ಇರ್ಲಿಲ್ಲ.

ಕಂಬಗಳಿಗೆ ಮಾತ್ರ ಈ ತಾಪತ್ರಯ ಇಲ್ಲ, ಲಾರಿ ಹತ್ತಿ ಸೀದಾ ತೀರ್ಥಹಳ್ಳಿ ಕಡೆ ಒಂದು ಹೋಮ್‌ಸ್ಟೇಗೆ ಹೋದ್ವು. ಹೋದ ಮಳೆಗಾಲ ದೊಡ್ಡಮ್ಮನ್ನ ಕರ್ಕೊಂಡು ನೋಡೋಕೆ ಹೋಗಿದ್ದೆ. ಒಂದು ರಾತ್ರಿಗೆ ಏಳು ಸಾವ್ರ, ಹಿತ್ಲ ಮನೆ ಮೂರು ತಿಂಗಳ ಬಾಡಿಗೆಗೆ ಐನೂರು ಕಮ್ಮಿ ಅಷ್ಟೇ, ಅದಕ್ಕೇ ಕಾಫಿ ಕುಡ್ದು ಬರೋಣ ಅಂತ. ರಿಸೆಪ್ಷನ್ ಪಕ್ಕದಲ್ಲೇ ನಮ್ಮ ಜಗಲಿ ಕಂಬ. ದೊಡ್ಡಪ್ಪ ನಲವತ್ತು ವರ್ಷ ತಲೆ ಕೊಟ್ಟು ಪೇಪರ್ ಓದಿದ ಕಡೆ ಹರಳೆಣ್ಣೆ ಜಿಡ್ಡಿನ ಕಪ್ಪು ಗುರುತಿತ್ತಲ್ಲ, ಅದ್ರ ಮೇಲೇ ಪಾಲಿಶ್ ಹೊಡೆದು ಲೈಟ್ ಬಿಟ್ಟಿದಾರೆ. ನಾನು ಸುಮ್ನೆ ಬೆನ್ನು ಕೊಟ್ಟೆ ನೋಡಿ, ಯೂನಿಫಾರ್ಮ್ ಹುಡುಗ ಓಡಿ ಬಂದ, "ಸಾರ್, ಒರಗ್ಬೇಡಿ, ಆಂಟಿಕ್ಕು."

ಅಂಗಳದಲ್ಲಿ ಸೂರಿನ ನೀರು ಬೀಳೋ ಕಡೆ ತಾಮ್ರದ ಹಂಡೆ ಇಟ್ಟಿದ್ರು, ಗೆಸ್ಟುಗಳು ಕೂತು ಟಪ್ ಟಪ್ ಸದ್ದು ಕೇಳೋಕೆ. ದೊಡ್ಡಮ್ಮ ಒಂದು ನಿಮಿಷ ನೋಡಿದ್ರು. ಹನಿ ಎಲ್ಲ ಹಂಡೆ ಪಕ್ಕಕ್ಕೆ ಬೀಳ್ತಿತ್ತು. ಸೆರಗು ಸಿಕ್ಕಿಸ್ಕೊಂಡು ಹೋಗಿ ಕಾಲಲ್ಲೇ ಹಂಡೇನ ಒಂದು ಗೇಣು ಆಚೆ ತಳ್ಳಿದ್ರು.

"ಅಜ್ಜೀ ಅಜ್ಜೀ, ಮುಟ್ಬೇಡಿ, ಅದು ಡೆಕೊರೇಷನ್ನು!"

"ಹೌದನಾ ಮಗಾ," ಅಂದ್ರು ದೊಡ್ಡಮ್ಮ, "ಈಗ ನೋಡು ಎಲ್ಲಿ ಬೀಳ್ತದೆ."