ಮುಗಿಯದ ಸೋಮವಾರ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿಲೋಮೀಟರ್. ಎಲ್ಲೂ ಇಳಿಯದೆ ಹಾರಿದರೂ ಹದಿನಾರು ಗಂಟೆ ಮೇಲೆಯೇ ಬೇಕು. ಆದರೆ ಟಿಕೆಟ್ಟಿನಲ್ಲಿ ಸೋಮವಾರ ಮಧ್ಯಾಹ್ನ ಹೊರಟು ಸೋಮವಾರ ಸಂಜೆಯೇ ಇಳಿಯುತ್ತೀರಿ ಅಂತಿತ್ತು. ಅಮ್ಮನಿಗೆ ಖುಷಿಯೋ ಖುಷಿ. "ನಾಲ್ಕೇ ಗಂಟೆನಾ? ಅಕ್ಕ ಸುಮ್ನೆ ದೂರ ದೂರ ಅಂತಿದ್ಲು."

ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ 12 ಗಂಟೆ 30 ನಿಮಿಷ ಹಿಂದೆ. ಅಂದರೆ ನಮ್ಮ ಸೋಮವಾರ ಮೂವತ್ತಾರೂವರೆ ಗಂಟೆಯದು. ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಅದು ಶ್ರಾವಣ ಸೋಮವಾರ, ಅಮ್ಮನಿಗೆ ಒಪ್ಪೊತ್ತು.

ವಿಮಾನ ಏರಿದ ಮೇಲೆ ಅಮ್ಮನ ಕಣ್ಣು ಎದುರಿನ ಪರದೆಯ ನಕ್ಷೆ ಮೇಲೆ.

"ಅಮೆರಿಕ ಪಶ್ಚಿಮಕ್ಕಲ್ವೇನೋ? ಇವನು ಚೀನಾ ಕಡೆ ಹೊರಟಿದಾನೆ."

ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ, ಅದು ಬೆನ್ನಿಗಿದ್ದರೆ ವಿಮಾನ ಬೇಗ ಹೋಗುತ್ತದೆ ಅಂದೆ. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದಾರಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉದ್ದವಾಯಿತು, ಪ್ರಯಾಣ ಸುಮಾರು ಎರಡು ಗಂಟೆ ಕಡಿಮೆಯಾಯಿತು.

"ಸಿಲ್ಕ್ ಬೋರ್ಡ್ ತಪ್ಪಿಸೋಕೆ ಸುತ್ತು ಹಾಕ್ತೀವಲ್ಲ, ಹಾಗೆ ಅನ್ನು" ಅಂದಳು. ಇಂಜಿನಿಯರಿಂಗ್ ಓದಿದ ನನಗೆ ಇಷ್ಟು ಸಲೀಸಾಗಿ ಹೇಳಲು ಬಂದಿರಲಿಲ್ಲ.

ಪೂರ್ವಕ್ಕೆ ಹೋದರೆ ಕತ್ತಲೂ ಬೇಗ, ಬೆಳಗೂ ಬೇಗ. ಸೂರ್ಯ ಮುಳುಗಿದ ಕೂಡಲೇ ಅಮ್ಮ ಕಿಟಕಿಗೆ ಕೈ ಮುಗಿದು, ತಂದಿದ್ದ ಅವಲಕ್ಕಿ ತಿಂದು ಒಪ್ಪೊತ್ತು ಮುಗಿಸಿದಳು. ಒಂದು ನಿದ್ದೆ ಆಯಿತು. ಪೆಸಿಫಿಕ್ ಮೇಲೆ ಬೆಳಗಾಯಿತು. "ಮಂಗಳವಾರ ಬಂತು" ಅಂತ ಅಕ್ಕನಿಗೆ ಕಟ್ಟಿದ್ದ ನಿಪ್ಪಟ್ಟಿನ ಡಬ್ಬಿ ಬಿಚ್ಚಿದಳು.

ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ವಿಮಾನ ಆಗಷ್ಟೇ 180 ಡಿಗ್ರಿ ರೇಖಾಂಶ ದಾಟುತ್ತಿತ್ತು. ದಿನಾಂಕ ರೇಖೆ ಹೆಚ್ಚುಕಡಿಮೆ ಅಲ್ಲೇ ಇರುವುದು. ಪೂರ್ವಕ್ಕೆ ದಾಟಿದರೆ ತಾರೀಖು ಒಂದು ದಿನ ಹಿಂದಕ್ಕೆ.

"ಅಮ್ಮಾ, ಮತ್ತೆ ಸೋಮವಾರ."

ಅರ್ಧ ಕಡಿದ ನಿಪ್ಪಟ್ಟು ಕೈಯಲ್ಲೇ ನಿಂತಿತು. "ಮಿಕ್ಕಿದ್ದು?"

"ಕಡಿದಿದ್ದು ಮಂಗಳವಾರದ್ದು. ಮಿಕ್ಕಿದ್ದು ಸೋಮವಾರದ್ದು."

ಅಮ್ಮ ಮಿಕ್ಕಿದ್ದನ್ನು ನನ್ನ ಕೈಗಿಟ್ಟಳು.

ಇಳಿದಾಗ ಅಲ್ಲಿ ಇನ್ನೂ ಬಿಸಿಲು. ಅಕ್ಕನೂ ಒಪ್ಪೊತ್ತು ಹಿಡಿದು, ಸಂಜೆ ಪೂಜೆಗೆ ಅಮ್ಮನನ್ನೇ ಕಾಯುತ್ತಿದ್ದಳು. ಆಗಸ್ಟಿನಲ್ಲಿ ಆ ಊರಿನ ಸೂರ್ಯ ಎಂಟರ ಹತ್ತಿರದವರೆಗೂ ಮುಳುಗುವುದಿಲ್ಲ. ಅಮ್ಮ ಅದನ್ನೇ ನೋಡುತ್ತಾ ಕೂತಳು.

ಊಟ ಆದಮೇಲೆ ಭಾವನನ್ನು ಕೇಳಿದಳು: "ವಾಪಸ್ ಹೋಗುವಾಗ ಈ ದಿನ ಏನಾಗುತ್ತೆ?" ಭಾನುವಾರ ರಾತ್ರಿ ಇಲ್ಲಿ ಹತ್ತಿದರೆ ಬೆಂಗಳೂರಿನಲ್ಲಿ ಇಳಿಯುವಾಗ ಮಂಗಳವಾರ ಬೆಳಗಿನ ಜಾವ, ಸೋಮವಾರ ದಾರಿಯಲ್ಲೇ ಕರಗಿಹೋಗುತ್ತೆ ಅಂದರು ಭಾವ.

"ಎರಡು ಸಲ ಮಾಡಿದೀನಿ, ಶಿವನ ಲೆಕ್ಕ ಸರಿಹೋಗುತ್ತೆ. ಅದನ್ನೇ ಮಾಡಿಸಿ."

ಭಾವ ಲ್ಯಾಪ್‌ಟಾಪ್ ತೆರೆದರು. ಟಿಕೆಟ್ ತಾರೀಖು ಬದಲಿಸಲು ಕೇಳಿದ ದುಡ್ಡನ್ನು ರೂಪಾಯಿಗೆ ತಿರುಗಿಸಿ ಓದಿ ಹೇಳಿದರು.

"ಬೇಡಪ್ಪ, ಉಪವಾಸವೇ ಅಗ್ಗ" ಅಂದಳು ಅಮ್ಮ.