ಚಿಕ್ಕ ಪದ ಅಂದರೆ ಸುಲಭದ ಪದ ಅಲ್ಲ

ಇವತ್ತು ಒಂದು ಇಂಗ್ಲಿಷ್ ಪಾಠದ ವಿಡಿಯೊ ನೋಡಿ ತಲೆ ಕೆಟ್ಟುಹೋಗಿದೆ. ಕಲಿಯಲು ಬಂದವರೊಬ್ಬರು ಕೇಳಿದರು: "ಸರ್, ರನ್ ಅಂದರೆ ಓಡು ಅಲ್ವಾ? ಹಾಗಾದರೆ 'ಶಿ ರನ್ಸ್ ಅ ಕಂಪನಿ' ಅಂದರೇನು?" ಮೇಷ್ಟ್ರು ಜೋರಾಗಿ ನಕ್ಕರು. "ಇದು ಒಂದನೇ ಕ್ಲಾಸಿನ ಪದ ಕಣ್ರೀ" ಅಂದು ಮುಂದಕ್ಕೆ ಹೋದರು. ಅವಳು ಕಂಪನಿ ನಡೆಸುತ್ತಾಳೆ ಅನ್ನುವ ಉತ್ತರ ಕೊಡಲೇ ಇಲ್ಲ.

ಅನುವಾದವೇ ನನ್ನ ಅನ್ನದ ದಾರಿ ಅಂತ ನಿಮಗೆಲ್ಲ ಗೊತ್ತು. ನಾನು ನಿಘಂಟು ತೆಗೆಯುವುದು ದೊಡ್ಡ ಪದಗಳಿಗಲ್ಲ. ಅವಕ್ಕೆ ಒಂದೋ ಎರಡೋ ಅರ್ಥ ಇರುತ್ತದೆ, ಒಮ್ಮೆ ನೋಡಿದರೆ ಮುಗಿಯಿತು. ದಿನವಿಡೀ ಕಾಡುವುದು ಗೆಟ್, ಪುಟ್, ಸೆಟ್, ರನ್. ಅದಕ್ಕೇ ಆ ನಗು ನನಗೆ ಅಷ್ಟು ಚುಚ್ಚಿತು.

ಒಂದನೇ ಕ್ಲಾಸಿನ ಪದವಂತೆ! ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕ ಪೀಟರ್ ಗಿಲಿವರ್ ಈ ಒಂದು ಪದಕ್ಕಾಗಿ ಸುಮಾರು ಒಂಬತ್ತು ತಿಂಗಳು ಕೂತಿದ್ದರು. 2011ರ ಹೊತ್ತಿಗೆ ಕ್ರಿಯಾಪದವಾಗಿಯೇ ರನ್‌ಗೆ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕಿದ್ದವು. ಅದೇ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ಹಿಡಿದಿದ್ದು ಸೆಟ್. ಅದೂ ಪುಟಾಣಿ ಪದವೇ.

ಈಗ ಇದನ್ನು ಕನ್ನಡಕ್ಕೆ ತನ್ನಿ ನೋಡೋಣ. ಮೂಗು ರನ್ ಆದರೆ ಸೋರುತ್ತದೆ. ಬಟ್ಟೆಯ ಬಣ್ಣ ರನ್ ಆದರೆ ಬಿಡುತ್ತದೆ. ನದಿ ಹರಿಯುತ್ತದೆ, ರಸ್ತೆ ಹಾದುಹೋಗುತ್ತದೆ, ಇಂಜಿನ್ ಚಾಲೂ ಇರುತ್ತದೆ. ಕಾಯಿಲೆ ಮನೆತನದಲ್ಲಿ ರನ್ ಆದರೆ ವಂಶದಲ್ಲೇ ಬಂದಿದೆ ಅಂತ. ಬ್ಯಾಂಕಿನ ಮೇಲೆ ರನ್ ಆದರೆ, ಜನ ಹೆದರಿ ತಮ್ಮ ದುಡ್ಡು ತೆಗೆಯಲು ಒಟ್ಟಿಗೆ ಮುಗಿಬಿದ್ದಿದ್ದಾರೆ ಅಂತ. ಚುನಾವಣೆಯಂತೂ ನನಗೆ ತುಂಬಾ ಇಷ್ಟದ ಉದಾಹರಣೆ. ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿ ರನ್ ಮಾಡುತ್ತಾನೆ, ಬ್ರಿಟನ್ನಿನವರ ಇಂಗ್ಲಿಷಿನಲ್ಲಿ ಸ್ಟ್ಯಾಂಡ್ ಮಾಡುತ್ತಾನೆ, ನಮ್ಮ ಹಾಗೆಯೇ ನಿಲ್ಲುತ್ತಾನೆ. ಓಡು ಅನ್ನುವ ಒಂದೇ ಅರ್ಥ ಕಲಿತವರು ಇಲ್ಲೆಲ್ಲ ಏನು ಮಾಡಬೇಕು?

ಇವೆಲ್ಲ ಸುಮ್ನೆ ಅಂಟಿಕೊಂಡ ಅರ್ಥಗಳೂ ಅಲ್ಲ. ಹಳೆಯ ಇಂಗ್ಲಿಷಿನಲ್ಲೇ ಈ ಪದಕ್ಕೆ ಓಡುವುದು, ಹರಿಯುವುದು ಎರಡೂ ಅರ್ಥ ಇತ್ತು. ಹಾಗಾಗಿ ನದಿ, ಮೂಗು, ಬಟ್ಟೆಯ ಬಣ್ಣ ಎಲ್ಲ ಒಂದೇ ಕಡೆಯವು. ಆಮೇಲೆ ಯಂತ್ರಗಳು ಬಂದವು, ರೈಲು ಬಂತು, ಕಂಪ್ಯೂಟರ್ ಪ್ರೋಗ್ರಾಂ ಬಂತು. ಎಲ್ಲವೂ ರನ್ ಆಗತೊಡಗಿದವು. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ನಗುವ ಬದಲು ಹೇಳಬಹುದಿತ್ತು.

"ಬಳಸ್ತಾ ಬಳಸ್ತಾ ತಾನಾಗೇ ಬರುತ್ತೆ ಬಿಡಿ" ಅನ್ನುವವರಿದ್ದಾರೆ. ಸುತ್ತಲೂ ಇಂಗ್ಲಿಷ್ ಕೇಳುತ್ತಾ ಬೆಳೆದವರಿಗೆ ಬರುತ್ತೆ, ಒಪ್ಪಿದೆ. ದುಡಿದು ದಣಿದು ರಾತ್ರಿ ಫೋನ್ ಹಿಡಿದು ಕಲಿಯುವವರಿಗೆ ಎಲ್ಲಿಂದ ಬರುತ್ತೆ? ಅವರಿಗೆ ಕೊಡುವ ಪದಪಟ್ಟಿಯಲ್ಲಿ ರನ್ ಎದುರು ಓಡು ಅಂತಷ್ಟೇ ಇರುತ್ತದೆ. ಅದನ್ನು ಮೊದಲ ವಾರ ಓದಿಸಿ ಮುಗಿಸುತ್ತಾರೆ. ಮತ್ತೆ ಆ ಪದದ ಕಡೆ ತಿರುಗಿಯೂ ನೋಡುವುದಿಲ್ಲ. ಅರ್ಥವಾಗದಿದ್ದಾಗ ಕಲಿಯುವವರು ತಮ್ಮನ್ನೇ ದಡ್ಡರು ಅಂದುಕೊಳ್ಳುತ್ತಾರೆ. ನನಗೆ ತಡೆಯಲಾಗದ್ದು ಇದು.

ಇಂಗ್ಲಿಷನ್ನು ಸುಲಭ ಮಾಡುತ್ತೇನೆ ಅಂತ ಇಂಗ್ಲೆಂಡಿನ ಭಾಷಾಚಿಂತಕ ಸಿ.ಕೆ. ಆಗ್ಡೆನ್ 1930ರಲ್ಲಿ 850 ಪದಗಳ ಬೇಸಿಕ್ ಇಂಗ್ಲಿಷ್ ಮುಂದಿಟ್ಟರು. ಅದರಲ್ಲಿ ಕ್ರಿಯಾಪದಗಳು ಬರೀ 18. ಪದ ಕಮ್ಮಿಯಾದವು ನಿಜ, ಹೊರೆ ಕಮ್ಮಿಯಾಗಲಿಲ್ಲ. ಬಿಟ್ಟ ಕ್ರಿಯಾಪದಗಳ ಕೆಲಸವೆಲ್ಲ ಗೆಟ್, ಪುಟ್, ಟೇಕ್‌ಗಳ ತಲೆಗೆ ಬಂತು. ಪುಟ್ ಎಂದರೆ ಇಡು ಅಂತ ಗೊತ್ತಿದ್ದವರಿಗೆ 'ಪುಟ್ ಅಪ್ ವಿತ್' ಅಂದರೆ ಸಹಿಸಿಕೊಳ್ಳುವುದು ಅಂತ ಹೇಗೆ ಹೊಳೆಯಬೇಕು?

ನಮ್ಮ 'ಹಿಡಿ'ಯನ್ನೇ ನೋಡಿ. ಬಸ್ ಹಿಡಿಯುತ್ತೇವೆ, ಹಠ ಹಿಡಿಯುತ್ತೇವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಕೆಲಸಕ್ಕೆ ಹೊತ್ತು ಹಿಡಿಯುತ್ತದೆ, ಪಾತ್ರೆಯಲ್ಲಿ ಇಷ್ಟೇ ನೀರು ಹಿಡಿಯುತ್ತದೆ. ಕನ್ನಡ ಕಲಿಯುವವರು ಯಾರಾದರೂ ಬಂದು "ತುಕ್ಕು ಯಾವ ಕೈಯಲ್ಲಿ ಹಿಡಿಯುತ್ತೆ?" ಅಂತ ಕೇಳಿದರೆ ನಾನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತೇನೆ. ಅವರು ಪದವನ್ನು ಸರಿಯಾಗಿ ಗಮನಿಸಿದ್ದಕ್ಕೇ ಆ ಪ್ರಶ್ನೆ ಬಂದಿರುತ್ತದೆ.

ಇಂಗ್ಲಿಷ್ ಹೇಳಿಕೊಡುವ ಗೆಳೆಯರು ನನ್ನ ಪಟ್ಟಿಯಲ್ಲಿ ತುಂಬಾ ಜನ ಇದ್ದೀರಿ. ದಯವಿಟ್ಟು ಚಿಕ್ಕ ಪದಗಳಿಗೆ ಜಾಸ್ತಿ ಹೊತ್ತು ಕೊಡಿ. ಪದದ ಎದುರು ಒಂದು ಅರ್ಥ ಬರೆಸುವ ಬದಲು ನಾಲ್ಕು ವಾಕ್ಯ ಬರೆಸಿ. ತಿಂಗಳು ಬಿಟ್ಟು ಅದೇ ಪದಕ್ಕೆ ಮತ್ತೆ ಬನ್ನಿ, ಇನ್ನೂ ನಾಲ್ಕು ಬರೆಸಿ.