ಸ್ಪಷ್ಟನೆ: ಡೇಂಟ್ರೀ ಮಳೆಕಾಡಿಗೆ ಪ್ರವೇಶ ನಿಷೇಧವಾಗಿಲ್ಲ

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಡೇಂಟ್ರೀ ರಾಷ್ಟ್ರೀಯ ಉದ್ಯಾನವನ್ನು ಮೂಲನಿವಾಸಿಗಳಿಗೆ ಬಿಟ್ಟುಕೊಟ್ಟಿರುವುದರಿಂದ ಇನ್ನು ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಮೊದಲರ್ಧ ನಿಜ, ಉಳಿದರ್ಧ ತಪ್ಪು.

2021ರ ಸೆಪ್ಟೆಂಬರ್ 29ರಂದು ಡೇಂಟ್ರೀ ಸೇರಿದಂತೆ ನಾಲ್ಕು ಉದ್ಯಾನಗಳ, ಒಟ್ಟು 1,60,000 ಹೆಕ್ಟೇರಿಗೂ ಹೆಚ್ಚು ನೆಲದ ಒಡೆತನವು ಪೂರ್ವ ಕುಕು ಯಲಾಂಜಿ ಜನರಿಗೆ ಮರಳಿತು. ಆದರೆ ಅವು ಉದ್ಯಾನಗಳಾಗಿಯೇ ಉಳಿದಿದ್ದು, ಆ ಜನರೂ ರಾಜ್ಯ ಸರ್ಕಾರವೂ ಜಂಟಿಯಾಗಿ ಅವನ್ನು ನೋಡಿಕೊಳ್ಳುತ್ತಿದ್ದಾರೆ. ಬಹುಶಃ ಮಧ್ಯ ಆಸ್ಟ್ರೇಲಿಯದಲ್ಲಿ ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರವಾದ ಉಲುರು ಬಂಡೆಯನ್ನು ಹತ್ತುವುದಕ್ಕೆ 2019ರ ಅಕ್ಟೋಬರ್ 26ರಿಂದ ಜಾರಿಯಾದ ನಿಷೇಧವನ್ನೇ ಇಲ್ಲಿಗೂ ಅಂಟಿಸಿರಬೇಕು; ಅಲ್ಲಿಯೂ ನಿಂತಿರುವುದು ಹತ್ತುವುದು ಮಾತ್ರ, ಭೇಟಿಯಲ್ಲ.

ಡೇಂಟ್ರೀಯ ಮಾಸ್‌ಮನ್ ಕಮರಿಯಲ್ಲಿ ಕುಕು ಯಲಾಂಜಿ ಮಾರ್ಗದರ್ಶಕರ ಜೊತೆಗಿನ ನಡಿಗೆಯು ಬಂದವರನ್ನು ಸೊಪ್ಪಿನ ಹೊಗೆಯಿಂದ ಸ್ವಾಗತಿಸುವುದರೊಂದಿಗೆ ಆರಂಭವಾಗುತ್ತದೆ. ಕಾಡಿನ ಎಲೆಯನ್ನು ನೀರಿನಲ್ಲಿ ಉಜ್ಜಿ ಸೋಪಿನಂತೆ ನೊರೆ ಬರಿಸುವುದನ್ನೂ ಅವರು ತೋರಿಸುತ್ತಾರೆ. ತಮ್ಮ ನೆಲವನ್ನು ಇಷ್ಟು ಆದರದಿಂದ ಪರಿಚಯಿಸುವವರ ಮೇಲೆ ಬಾಗಿಲು ಮುಚ್ಚಿದ ಅಪವಾದ ಹೊರಿಸುವುದು ಅನ್ಯಾಯ. ಆದರೆ ಮರಳಿಸಿದ ಆ ನಾಲ್ಕು ಉದ್ಯಾನಗಳಲ್ಲಿ ಒಂದಾದ ಕಲ್ಕಜಕದ ಕಪ್ಪು ಬಂಡೆರಾಶಿಯು ಅವರಿಗೆ ಪವಿತ್ರವಾದುದರಿಂದ, ಅದನ್ನು ರಸ್ತೆಬದಿಯ ವೀಕ್ಷಣಾ ಸ್ಥಳದಿಂದಲೇ ನೋಡಬೇಕು.